ಮಾವನ ಕಾಂಪ್ಲೆಕ್ಸಿನ ದೀಪಗಳು: ಐದು ತಿಂಗಳ ಕೆಲಸದ ದಿನಚರಿ

ಜನವರಿ 12

ದಾವಣಗೆರೆಯಲ್ಲಿ ನಮ್ಮ ಸೋದರಮಾವನದು ಒಂದು ಕಾಂಪ್ಲೆಕ್ಸ್ ಇದೆ. ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರ್. ಅದರ ಮೇಲೆ ಜೆರಾಕ್ಸ್ ಅಂಗಡಿ, ಮೆಡಿಕಲ್ ಶಾಪ್. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್, ಆಡಿಟರ್ ಆಫೀಸು. ಎರಡನೇ ಮಹಡಿಯಲ್ಲಿ ಟ್ಯೂಷನ್ ಕ್ಲಾಸು, ಟೈಲರ್ ಅಂಗಡಿ. ಅಂಗಡಿಗಳ ಒಳಗಿನ ಕರೆಂಟು ಅವರವರ ಮೀಟರಿಗೆ. ಪ್ಯಾಸೇಜು, ಮೆಟ್ಟಿಲು, ಟಾಯ್ಲೆಟ್ಟು, ಸೆಲ್ಲಾರಿನ ದೀಪಗಳೆಲ್ಲ ಮಾವನ ಕಾಮನ್ ಮೀಟರಿಗೆ.

ಇವತ್ತು ಮೇಲಿಂದ ಕೆಳಗೆ ನಡೆದು ದೀಪ ಎಣಿಸಿದೆ. ಒಟ್ಟು 46. ಎಲ್ಲವೂ 20 ವ್ಯಾಟಿನ ಎಲ್‌ಇಡಿ ಟ್ಯೂಬು. ಸೆಲ್ಲಾರಿನ 14 ದೀಪಗಳು ಹಗಲು ರಾತ್ರಿ ಉರಿಯುತ್ತವೆ. ಉಳಿದ 32 ಬೆಳಿಗ್ಗೆ 9ರಿಂದ ರಾತ್ರಿ 10ರವರೆಗೆ. ಲೆಕ್ಕ ಹಾಕಿದರೆ ದಿನಕ್ಕೆ 15 ಯುನಿಟ್. ತಿಂಗಳಿಗೆ 450. ಮಧ್ಯಾಹ್ನ 3 ಗಂಟೆಗೆ ಸೆಲ್ಲಾರಿಗೆ ಇಳಿದೆ. ಅಲ್ಲಿದ್ದವು ಆರು ಸ್ಕೂಟರ್, ಒಂದು ಬೆಕ್ಕು, 14 ದೀಪ.

ಜನ ಇದ್ದಾಗ ಮಾತ್ರ ಬೆಳಕು ಬರುವ ಹಾಗೆ ದೀಪಗಳಿಗೆ ಸೆನ್ಸರ್ ಹಾಕುತ್ತೇನೆ ಅಂದೆ. ಮಾವ ಒಪ್ಪಿದರು. ಒಂದೇ ಮಾತು ಹೇಳಿದರು: "ಬಿಲ್ಲು ಕಮ್ಮಿ ಆಗ್ಲಿ, ಬಿಡ್ಲಿ. ಬಾಡಿಗೆಯವರು ಕತ್ತಲಲ್ಲಿ ನಿಲ್ಬಾರ್ದು ನೋಡು." ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಜನವರಿ 26

ಎರಡು ವಾರ ಬರೀ ಓದಿದ್ದು. ಈ ಹುಚ್ಚು ಹತ್ತಿದ್ದೇ ಆಮ್‌ಸ್ಟರ್‌ಡ್ಯಾಮಿನ 'ದಿ ಎಡ್ಜ್' ಕಟ್ಟಡದ ಬಗ್ಗೆ ಓದಿದ ಮೇಲೆ. ಅಲ್ಲಿ ಸಾವಿರಾರು ದೀಪಗಳಿಗೆ ಕರೆಂಟೂ ಸಂದೇಶವೂ ಕಂಪ್ಯೂಟರಿಗೆ ಹಾಕುವ ಈಥರ್‌ನೆಟ್ ಕೇಬಲ್ಲಿನಲ್ಲೇ ಹೋಗುತ್ತವೆ. ದೀಪದ ಜೊತೆಗೇ ಸೆನ್ಸರ್ ಇರುತ್ತದೆ. ಹಸಿರು ಕಟ್ಟಡಗಳಿಗೆ ಕೊಡುವ ಬ್ರೀಮ್ ಅಂಕದಲ್ಲಿ ಅದಕ್ಕೆ 98.36 ಶೇಕಡಾ ಬಂದಿತ್ತು. ನಮ್ಮ ಕಟ್ಟಡದ ಗೋಡೆ ಒಡೆದು ಅಷ್ಟು ಕೇಬಲ್ ಎಳೆಯುವ ಮಾತಿಲ್ಲ. ಆದರೆ ದೀಪಕ್ಕೆ ಜನ ಗೊತ್ತಾಗಬೇಕು ಅನ್ನುವ ಯೋಚನೆ ಇಲ್ಲಿಗೂ ಒಗ್ಗುತ್ತದೆ ಅಲ್ವಾ?

ಕಟ್ಟಡಗಳಲ್ಲಿ ಕರೆಂಟು ಉಳಿಸಲು ನಮ್ಮ ದೇಶ ಮಾಡಿದ ಇಸಿಬಿಸಿ 2017 ನಿಯಮವನ್ನೂ ಓದಿದೆ. ಅದು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡ್ ಇರುವ ವಾಣಿಜ್ಯ ಕಟ್ಟಡಗಳಿಗೆ. ಸೆನ್ಸರ್ ಇದ್ದರೆ, ಜನ ಹೋದ 15 ನಿಮಿಷದೊಳಗೆ ದೀಪ ಆರಬೇಕು ಅನ್ನುತ್ತದೆ. ಮಾವನ ಕಟ್ಟಡ ಅದರ ಲೆಕ್ಕಕ್ಕೇ ಬರುವುದಿಲ್ಲ. ಇಂಥ ಸಣ್ಣ ಕಾಂಪ್ಲೆಕ್ಸುಗಳು ಪ್ರತಿ ಊರಲ್ಲೂ ಬೀದಿಗೆ ಹತ್ತು ಇವೆ. ಇವುಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ ಅನ್ನೋದೇ ನನಗೆ ಬೇಸರ.

ಕೊನೆಗೆ ತೀರ್ಮಾನ ಹೀಗಾಯಿತು. ಸೆಲ್ಲಾರಿಗೆ ಡಾಲಿ ಅನ್ನುವ, ವೈರಿನ ಮೂಲಕ ದೀಪ ನಿಯಂತ್ರಿಸುವ ಪದ್ಧತಿ. ಪ್ಯಾಸೇಜು, ಮೆಟ್ಟಿಲಿಗೆ ರಿಲೇ (ಸಂದೇಶದಿಂದ ಹಾಕಿ ಆರಿಸುವ ಸ್ವಿಚ್ಚು) ಮತ್ತು ಅದನ್ನು ನಡೆಸುವ, ವೈಫೈ ಇರುವ ಪುಟ್ಟ ಇಎಸ್‌ಪಿ32 ಬೋರ್ಡು. ಟಾಯ್ಲೆಟ್ಟಿಗೆ ಬ್ಯಾಟರಿಯ ಜಿಗ್ಬೀ ಸೆನ್ಸರು; ಜಿಗ್ಬೀ ಅಂದರೆ ಕಡಿಮೆ ಕರೆಂಟಿನ ವೈರ್‌ಲೆಸ್ ಪದ್ಧತಿ. ಎಲ್ಲದರ ಮಾತು ಕೇಳಿಸಿಕೊಳ್ಳಲು ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರು. ಇವು ಮಾತಾಡುವುದು ಎಂಕ್ಯೂಟಿಟಿಯಲ್ಲಿ. 1999ರಲ್ಲಿ ಎಣ್ಣೆ ಪೈಪ್‌ಲೈನಿನ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಹುಟ್ಟಿದ ಪದ್ಧತಿ ಇದು. ಲೈನ್ ದುಬಾರಿ, ಆಗಾಗ ಕಡಿದುಹೋಗುತ್ತಿತ್ತು. ಹಾಗಾಗಿ ಚಿಕ್ಕ ಚಿಕ್ಕ ಸಂದೇಶ ಸಾಕು ಅಂತ ಮಾಡಿದ್ದರು. ನಮ್ಮ ಸೆಲ್ಲಾರಿನ ವೈಫೈ ಸ್ಥಿತಿಗೆ ಹೇಳಿ ಮಾಡಿಸಿದಂತಿದೆ.

ಫೆಬ್ರುವರಿ 16

ಸೆಲ್ಲಾರಿನ ಕೆಲಸ ಶುರು. ಡಾಲಿ ಅಂದರೆ ದೀಪಗಳಿಗೆ ಒಂದೊಂದು ನಂಬರು ಕೊಟ್ಟು ಮಾತಾಡಿಸುವ ಪದ್ಧತಿ. ಒಂದು ಲೈನಿಗೆ 64 ದೀಪ, 16 ಗುಂಪು. ವೇಗ ಸೆಕೆಂಡಿಗೆ 1200 ಬಿಟ್ ಅಷ್ಟೇ, ಆದರೆ ದೀಪಕ್ಕೆ ಅದು ಧಾರಾಳ. ಎರಡು ವೈರು ಹೆಚ್ಚಿಗೆ ಎಳೆಯಬೇಕು. ಅದರಲ್ಲಿ ಪ್ಲಸ್ ಮೈನಸ್ ಅಂತ ಇಲ್ಲ, ಹೇಗೆ ಸೇರಿಸಿದರೂ ನಡೆಯುತ್ತದೆ. ವೈರ್‌ಮನ್ ಅಣ್ಣನಿಗೆ ಇದು ತುಂಬಾ ಹಿಡಿಸಿತು. ಆದರೆ ಈ ವೈರಿನಲ್ಲಿ ಬರೀ 16 ವೋಲ್ಟ್ ತಾನೇ ಅಂತ ಬರಿಗೈಲಿ ಮುಟ್ಟುವ ಹಾಗಿಲ್ಲ. ಮೇನ್ಸ್ ವೈರಿನಷ್ಟೇ ಎಚ್ಚರಿಕೆ ಬೇಕು. ಇದನ್ನು ಅವರಿಗೆ ಎರಡು ಸಲ ಹೇಳಿದೆ. ಮೇನ್ಸ್ ಕೆಲಸವೆಲ್ಲ ಅವರದೇ, ನಾನು ಕೈ ಹಾಕುವುದಿಲ್ಲ.

ಸಂಜೆ ಮೊದಲ ಸಲ ಲ್ಯಾಪ್‌ಟಾಪಿನಿಂದ ಸಂದೇಶ ಕಳಿಸಿದೆ. ಬೆಳಕಿನ ಮಟ್ಟ 0ಯಿಂದ 254ರವರೆಗೆ. ಅರ್ಧ ಬೆಳಕು ಬೇಕು ಅಂತ 127 ಕಳಿಸಿದೆ. ಸೆಲ್ಲಾರು ಹೆಚ್ಚುಕಡಿಮೆ ಕತ್ತಲಾಯಿತು! ಡ್ರೈವರ್ (ಎಲ್‌ಇಡಿಗೆ ತಕ್ಕಷ್ಟು ಕರೆಂಟು ಕೊಡುವ ಭಾಗ) ಕೆಟ್ಟಿದೆ ಅಂತ ಒಂದು ಗಂಟೆ ಒದ್ದಾಡಿದೆ. ಆಮೇಲೆ ಪಟ್ಟಿ ತೆಗೆದು ನೋಡಿದರೆ, 127 ಅಂದರೆ ಬರೀ 3 ಶೇಕಡಾ ಬೆಳಕು. ಅರ್ಧ ಬೆಳಕಿಗೆ 229 ಕಳಿಸಬೇಕು. 20 ಶೇಕಡಾಕ್ಕೆ 195, 10 ಶೇಕಡಾಕ್ಕೆ 170. ನಮ್ಮ ಕಣ್ಣು ಬೆಳಕನ್ನು ಅಳೆಯುವುದೇ ಹಾಗೆ. ಮಬ್ಬಿನಲ್ಲಿ ಸ್ವಲ್ಪ ಹೆಚ್ಚಾದರೂ ಗೊತ್ತಾಗುತ್ತದೆ, ಪ್ರಖರ ಬೆಳಕಿನಲ್ಲಿ ಅಷ್ಟೇ ಹೆಚ್ಚಿಸಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಅಳತೆಯನ್ನು ಕಣ್ಣಿಗೆ ತಕ್ಕ ಹಾಗೆ ಬಗ್ಗಿಸಿದ್ದಾರೆ. 1ರಿಂದ 254ರವರೆಗೆ ನಿಧಾನವಾಗಿ ಏರಿಸಿ ನೋಡಿದೆ. ಎಲ್ಲೂ ಎಗರದೆ, ಬೆಳಗಾಗುವ ಹಾಗೆ ಬೆಳಕು ಏರಿತು. ವಾಚ್‌ಮನ್ ಅಜ್ಜ ಕುರ್ಚಿಯಿಂದ ಎದ್ದು ಬಂದು "ಇನ್ನೊಂದ್ಸಲ ಮಾಡಪ್ಪ" ಅಂದರು.

ಫೆಬ್ರುವರಿ 23

ಬೇಕಂತಲೇ ಕೆಡಿಸಿ ನೋಡುವ ದಿನ. ಡಾಲಿ ಲೈನಿಗೆ ಕರೆಂಟು ಕೊಡುವ ಡಬ್ಬಿಯ ವೈರು ಕಿತ್ತೆ. 14 ದೀಪಗಳೂ ಪೂರ್ತಿ ಬೆಳಕಿಗೆ ಏರಿದವು. ಸಂದೇಶದ ಲೈನು ಸತ್ತರೆ ಏನು ಮಾಡಬೇಕು ಅನ್ನುವ ಮಟ್ಟ ಪ್ರತಿ ಡ್ರೈವರಿನೊಳಗೂ ಇರುತ್ತದೆ. ನಾವು ಮುಟ್ಟದಿದ್ದರೆ ಅದು 254. ಈ ಪದ್ಧತಿ ಮಾಡಿದವರ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಮಾರ್ಚ್ 9

ಮಹಡಿಗಳ ಪ್ಯಾಸೇಜು. ಒಂದೊಂದು ಮಹಡಿಗೆ 8 ದೀಪ, ಒಂದು ರಿಲೇ. 160 ವ್ಯಾಟಿನ ಲೋಡಿಗೆ 10 ಆಂಪಿಯರ್ ರಿಲೇ ಬೇಕಾದಷ್ಟಾಯಿತು ಅಂತ ಹಾಕಿದ್ದೆವು. ಒಂಬತ್ತೇ ದಿನಕ್ಕೆ ಮೊದಲ ಮಹಡಿಯ ರಿಲೇ ಅಂಟಿಕೊಂಡಿತು. ಕಾಂಟ್ಯಾಕ್ಟ್ ಬಿಡಲೇ ಇಲ್ಲ.

ಬಿಚ್ಚಿ ನೋಡಿದೆ. ಎರಡು ಬಿಂದುಗಳ ಮಧ್ಯೆ ಸಾಸಿವೆಗಿಂತ ಸಣ್ಣ ಬೆಸುಗೆ. ಕಾರಣ ದೀಪ ಉರಿಯುವಾಗಿನ ಕರೆಂಟಲ್ಲ, ಹೊತ್ತುವ ಕ್ಷಣದ ಕರೆಂಟು. ಎಲ್‌ಇಡಿ ಡ್ರೈವರಿನಲ್ಲಿ ಖಾಲಿ ಕೆಪಾಸಿಟರ್ ಇರುತ್ತದೆ. ಸ್ವಿಚ್ ಹಾಕಿದ ಕ್ಷಣ ಮೇನ್ಸ್ ತನ್ನ ತುತ್ತತುದಿ 325 ವೋಲ್ಟಿನಲ್ಲಿದ್ದರೆ, ಎಂಟೂ ಕೆಪಾಸಿಟರುಗಳು ಒಟ್ಟಿಗೇ ನುಗ್ಗಿ ಕರೆಂಟು ಕುಡಿಯುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಆದರೆ ಕಾಂಟ್ಯಾಕ್ಟ್ ಕರಗಲು ಅಷ್ಟು ಸಾಕು. ಈಗ ಎಂಟನ್ನು ನಾಲ್ಕು ನಾಲ್ಕಾಗಿ ಒಡೆದಿದ್ದೇವೆ. ಪ್ರತಿ ಸಾಲಿಗೂ ಒಂದು ಎನ್‌ಟಿಸಿ ಹಾಕಿದ್ದೇವೆ. ತಣ್ಣಗಿದ್ದಾಗ ಕರೆಂಟು ತಡೆದು, ಬಿಸಿಯಾದ ಮೇಲೆ ದಾರಿ ಬಿಡುವ ಭಾಗ ಅದು.

ಇದೇ ಹೊತ್ತಿಗೆ ಇನ್ನೊಂದು ಬದಲಾವಣೆ ಮಾಡಿದೆ. ರಿಲೇಗೆ ಸಂದೇಶ ಇಲ್ಲದಾಗ ಸೇರಿಕೊಂಡೇ ಇರುವ ಎನ್‌ಸಿ ಕಾಂಟ್ಯಾಕ್ಟಿಗೆ ದೀಪ ಸೇರಿಸಿದೆ. ಅಂದರೆ ಬೋರ್ಡು ಕೆಲಸ ಮಾಡುತ್ತಿದ್ದರೆ ಮಾತ್ರ ದೀಪ ಆರಿಸಬಹುದು. ಬೋರ್ಡು ಸತ್ತರೆ ದೀಪ ಉರಿಯುತ್ತದೆ. ಸೆಲ್ಲಾರಿನಲ್ಲಿ ಕಲಿತದ್ದು ಇಲ್ಲಿಗೆ ಬಂತು.

ಮಾರ್ಚ್ 22

ಟೈಲರ್ ಅಣ್ಣ ಕರೆದರು. ಅವರ ಅಂಗಡಿ ಒಳಗೆ ಇಕ್ಕಟ್ಟು. ಕಾಜಾ, ಗುಂಡಿ, ಹೆಮ್ಮಿಂಗ್ ಅಂಥ ಕೈ ಕೆಲಸಕ್ಕೆ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಪ್ಯಾಸೇಜಿನ ದೀಪ ನೇರ ಅವರ ತಲೆ ಮೇಲೆ. ಇಪ್ಪತ್ತು ವರ್ಷದಿಂದ ಅದೇ ಜಾಗ.

"ಸೂಜಿಗೆ ದಾರ ಪೋಣಿಸ್ತಾ ಇರ್ತೀನಿ ಕಣಪ್ಪ, ಫಕ್ ಅಂತ ಕತ್ತಲಾಗುತ್ತೆ" ಅಂದರು. ನಾನು ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ನೋಡಿದೆ. ಎಡಗೈ ಬಟ್ಟೆ ಹಿಡಿದು ಅಲುಗಾಡದೆ ಇರುತ್ತದೆ. ಬಲಗೈಯಲ್ಲಿ ಎರಡು ಬೆರಳು ಮಾತ್ರ ಒಂದಿಂಚು ಏರುತ್ತವೆ, ಇಳಿಯುತ್ತವೆ. ತಲೆ ಬಗ್ಗಿದ್ದು ಬಗ್ಗಿದ ಹಾಗೇ. ಐದು ನಿಮಿಷಕ್ಕೆ ಸರಿಯಾಗಿ ದೀಪ ಆರಿತು. ಅವರು ಸೂಜಿ ಬಾಯಲ್ಲಿ ಕಚ್ಚಿಕೊಂಡು, ಕೈ ಮೇಲೆತ್ತಿ ಬೀಸಿದರು. ದೀಪ ಬಂತು. ಇದನ್ನು ಅವರು ದಿನಾ ಮಾಡುತ್ತಿದ್ದರಂತೆ, ಎರಡು ವಾರದಿಂದ. ನನಗೆ ತುಂಬಾ ಕಸಿವಿಸಿಯಾಯಿತು. ಅವತ್ತೇ ಆ ಸಾಲಿನ ಸೆನ್ಸರ್ ತೆಗೆದು ದೀಪ ಹಚ್ಚಿಟ್ಟೆ.

ಪ್ಯಾಸೇಜಿಗೆ ನಾನು ಹಾಕಿದ್ದು ಪಿಐಆರ್ ಅನ್ನುವ ಸೆನ್ಸರು. ಅದಕ್ಕೆ ಮನುಷ್ಯ ಕಾಣುವುದಿಲ್ಲ. ಅದಕ್ಕೆ ಕಾಣುವುದು ಶಾಖದ ಓಡಾಟ. ಒಳಗೆ ಎರಡು ಪುಟ್ಟ ಕಣ್ಣು, ಮೇಲೆ ಬೆಳ್ಳನೆ ಬುರುಡೆಯಂಥ ಲೆನ್ಸ್. ಬಿಸಿ ಮೈ ಒಂದು ಕಣ್ಣಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಅದು ಎಚ್ಚರವಾಗುತ್ತದೆ. ಅಡ್ಡಡ್ಡ ನಡೆದರೆ ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬಂದರೆ ನಿಧಾನ. ಸುಮ್ನೆ ಕೂತವರು ಅದರ ಪಾಲಿಗೆ ಇಲ್ಲವೇ ಇಲ್ಲ.

ಏಪ್ರಿಲ್ 13

ಬಿಸಿಲು ಏರಿತು. ಎರಡನೇ ಮಹಡಿಯ ಮೇಲೆ ಬರೀ ಆರ್‌ಸಿಸಿ ತಾರಸಿ. ಮಧ್ಯಾಹ್ನ ಪ್ಯಾಸೇಜಿನ ಒಳಗೇ 36 ಡಿಗ್ರಿ. ಈಗ ಟ್ಯೂಷನ್ ಮಕ್ಕಳು ಓಡಾಡಿದರೂ ಪಿಐಆರ್ ಕೆಲವು ಸಲ ಸುಮ್ಮನಿರುತ್ತದೆ. ಮೈಯ ಶಾಖ, ಗೋಡೆಯ ಶಾಖ ಒಂದೇ ಆದರೆ ಅದಕ್ಕೆ ವ್ಯತ್ಯಾಸ ಎಲ್ಲಿಂದ ಸಿಗಬೇಕು? ಚಳಿ ದೇಶದಲ್ಲಿ ಬರೆದ ಸಲಹೆಗಳನ್ನು ಓದಿ ನಮ್ಮ ಊರಲ್ಲಿ ಸೆನ್ಸರ್ ಹಾಕುವವರು ಇದನ್ನು ತಿಳಿದಿರಬೇಕು. ಜನವರಿಯಲ್ಲಿ ಪಾಸಾದದ್ದು ಏಪ್ರಿಲ್‌ನಲ್ಲಿ ಪಾಸಾಗುವುದಿಲ್ಲ.

ಎಲ್‌ಡಿ2410 ಅನ್ನುವ ರಾಡಾರ್ ಮಾಡ್ಯೂಲ್ ತರಿಸಿದೆ. ಬೆರಳಿಗಿಂತ ಚಿಕ್ಕದು. 24 ಗಿಗಾಹರ್ಟ್ಜ್ ಅಲೆ ಬಿಟ್ಟು, ತಿರುಗಿ ಬಂದದ್ದನ್ನು ನೋಡುತ್ತದೆ. ಉಸಿರಾಡುವಾಗ ಎದೆ ಏರಿಳಿಯುವುದೂ ಇದಕ್ಕೆ ಸಿಗುತ್ತದೆ. ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ.

ಏಪ್ರಿಲ್ 20

ರಾಡಾರ್ ಹಾಕಿದ ಮೇಲೆ ಉಲ್ಟಾ ತೊಂದರೆ. ದೀಪ ಆರುವುದೇ ಇಲ್ಲ. ಅಂಗಡಿ ಬೀಗ ಹಾಕಿದರೂ 'ಜನ ಇದ್ದಾರೆ' ಅನ್ನುತ್ತದೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಟ್ಯೂಷನ್ ಕ್ಲಾಸಿನ ಪ್ಲೈವುಡ್ ಗೋಡೆಯಾಚೆ ಒಂದು ಫ್ಯಾನು ತಿರುಗುತ್ತಲೇ ಇತ್ತು. ಈ ಅಲೆಗೆ ಪ್ಲೈವುಡ್ಡು ಗೋಡೆಯೇ ಅಲ್ಲ. ಮಾಡ್ಯೂಲಿನಲ್ಲಿ ದೂರವನ್ನು 0.75 ಮೀಟರಿನ ತುಂಡುಗಳಾಗಿ ಮಾಡಿದ್ದಾರೆ. ಪ್ರತಿ ತುಂಡಿಗೂ ಓಡಾಟಕ್ಕೆ ಒಂದು, ಸುಮ್ಮನಿರುವುದಕ್ಕೆ ಒಂದು ಮಿತಿ ಇಡಬಹುದು. ಟೈಲರ್ ಅಣ್ಣನ ಸ್ಟೂಲು 2 ಮೀಟರಿನೊಳಗೆ, ಫ್ಯಾನು 4 ಮೀಟರಿನ ಆಚೆ. 3 ಮೀಟರಿಂದ ಆಚೆಯದನ್ನೆಲ್ಲ ಕಿವುಡು ಮಾಡಿದೆ.

ಈಗಿನ ನಿಯಮ ಹೀಗೆ: ದೀಪ ಹಚ್ಚಲು ಇಬ್ಬರಲ್ಲಿ ಒಬ್ಬರು ಹೇಳಿದರೂ ಸಾಕು. ಆರಿಸಲು ಪಿಐಆರ್, ರಾಡಾರ್ ಇಬ್ಬರೂ ಹತ್ತು ನಿಮಿಷ ಸುಮ್ಮನಿರಬೇಕು. ಟೈಲರ್ ಅಣ್ಣ ಒಂದು ಇಡೀ ಷರ್ಟಿನ ಕಾಜಾ ಮುಗಿಸಿದರು, ದೀಪ ಅಲುಗಲಿಲ್ಲ.

ಮೇ 4

ಟಾಯ್ಲೆಟ್ಟು. ಇಲ್ಲಿ ನಾನು ಉಳಿತಾಯ ನೋಡುವುದಿಲ್ಲ ಅಂತ ನಿರ್ಧರಿಸಿದೆ. ಒಳಗಿನ ಬಾಗಿಲು ಹಾಕಿಕೊಂಡವರು ಪಿಐಆರ್‌ಗೆ ಕಾಣುವುದಿಲ್ಲ. ಒಳಗೆ ಇರುವಾಗ ಕತ್ತಲಾದರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಎಷ್ಟು ಗಾಬರಿ! ಹಾಗಾಗಿ 20 ನಿಮಿಷದ ಟೈಮರ್ ಇಟ್ಟೆ. ಪ್ರತಿ ಟಾಯ್ಲೆಟ್ಟಿನಲ್ಲೂ ಒಂದು ಸಣ್ಣ ಬಲ್ಬನ್ನು ಸೆನ್ಸರಿಗೆ ಸೇರಿಸದೆ ಯಾವಾಗಲೂ ಉರಿಯುವ ಹಾಗೆ ಬಿಟ್ಟೆ.

ಜಿಗ್ಬೀ ಸಂದೇಶ ಆಗಾಗ ತಪ್ಪುತ್ತಿತ್ತು. ಕಟ್ಟಡದಲ್ಲಿ ಒಂಬತ್ತು ವೈಫೈ ರೌಟರುಗಳಿವೆ, ಎಲ್ಲ ಅದೇ 2.4 ಗಿಗಾಹರ್ಟ್ಜ್. ಜಿಗ್ಬೀ ಚಾನೆಲ್ 11ರಿಂದ 25ಕ್ಕೆ ಹೋದೆ, ಪೈಗೆ ಸಿಕ್ಕಿಸಿದ್ದ ಜಿಗ್ಬೀ ಡಾಂಗಲನ್ನು ಯುಎಸ್‌ಬಿ 3 ಪೋರ್ಟಿನಿಂದ ಒಂದು ಮೀಟರ್ ದೂರ ಎಳೆದೆ. ಸರಿಹೋಯಿತು.

ಮೇ 18

ಕ್ಲಿನಿಕ್ಕಿನ ನರ್ಸ್ ಅಕ್ಕ ಮಾವನಿಗೆ ಹೇಳಿದರಂತೆ: ರಾತ್ರಿ 9ಕ್ಕೆ ಸೆಲ್ಲಾರಿಗೆ ಇಳಿಯುವಾಗ ಮೂಲೆಗಳು ಮಬ್ಬಾಗಿರುತ್ತವೆ, ನಡೆದ ಮೇಲೆ ಬೆಳಕು ಬರುತ್ತೆ, ಮೊದಲು ಬರಬೇಕು. ಅವರ ಮಾತು ನೂರಕ್ಕೆ ನೂರು ಸರಿ. ಖಾಲಿ ಇದ್ದಾಗ 195, ಅಂದರೆ 20 ಶೇಕಡಾ ಇಟ್ಟಿದ್ದೆ. ಸಂಜೆ 7ರ ಮೇಲೆ 229ಕ್ಕೆ ಏರಿಸಿದೆ. ಇನ್ನೊಂದು ಸೆನ್ಸರನ್ನು ಮೆಟ್ಟಿಲ ತಿರುವಿನಲ್ಲಿ ಹಾಕಿದೆ. ಈಗ ಅವರು ಕೊನೆಯ ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಸೆಲ್ಲಾರು ಪೂರ್ತಿ ಬೆಳಗಿರುತ್ತದೆ.

ಜೂನ್ 1

ಕಾಮನ್ ಮೀಟರಿನ ರೀಡಿಂಗ್ ತೆಗೆದೆ. ಮೇ ತಿಂಗಳಲ್ಲಿ ದಿನಕ್ಕೆ ಸರಾಸರಿ 7 ಯುನಿಟ್. ಸಂಜೆ ಸೆಲ್ಲಾರಿನ ಬೆಳಕು ಏರಿಸದಿದ್ದರೆ ಇನ್ನೂ ಕಮ್ಮಿ ಬರುತ್ತಿತ್ತು, ಅದು ಬೇಡ.

ಬಾಕಿ ಇರುವುದು ಮೊದಲ ಮಹಡಿಯ ಕಿಟಕಿ ಪಕ್ಕದ ಸಾಲು. ಹಗಲು ಬೆಳಕು ಅಳೆಯಲು ಬಿಎಚ್1750 ಅನ್ನುವ ಸೆನ್ಸರ್ ಹಾಕಿದ್ದೆ, ಆದರೆ ಅದು ಟ್ಯೂಬಿನ ಬೆಳಕನ್ನೇ ನೋಡಿ ಟ್ಯೂಬನ್ನು ಆರಿಸುತ್ತಿದೆ, ಆರಿದ ಮೇಲೆ ಮತ್ತೆ ಹಚ್ಚುತ್ತಿದೆ. ಕಿಟಕಿ ಕಡೆಗೆ ಮುಖ ತಿರುಗಿಸಿ, ಸುತ್ತ ಕಪ್ಪು ಕೊಳವೆ ಹಾಕಬೇಕು. ಮೋಡ ಬಂದು ಹೋಗುವ ದಿನಗಳು ಈಗ ಶುರುವಾಗುತ್ತವೆ, ಪರೀಕ್ಷೆಗೆ ಒಳ್ಳೆಯ ಕಾಲ.

ಮಾವ ಇನ್ನೊಂದು ಕೇಳಿದ್ದಾರೆ. ಪ್ರತಿ ಮಹಡಿಗೂ ಮಾಮೂಲಿ ಸ್ವಿಚ್ ಒಂದು, ಯಾರು ಬೇಕಾದರೂ ಒತ್ತಿದರೆ ದೀಪ ಹತ್ತಬೇಕು, ಸೆನ್ಸರ್ ಏನೇ ಹೇಳಲಿ. ವೈರ್‌ಮನ್ ಅಣ್ಣ ಭಾನುವಾರ ಬರುತ್ತಾರೆ. ಮೊದಲ ಸ್ವಿಚ್ಚು ಟೈಲರ್ ಅಣ್ಣನ ಬಾಗಿಲ ಪಕ್ಕ, ಸ್ಟೂಲಿನಿಂದ ಕೈಗೆಟುಕುವ ಎತ್ತರದಲ್ಲಿ.