ಹತ್ತೊಂಬತ್ತನೇ ಪೋರ್ಟಿನ ವೈರು

«ಸರ್, ನೆಟ್ ಹೋತ್ರೀ.»

ಮೂರನೇ ಸಾಲಿನ ಹುಡುಗ ಹೇಳಿ ಮುಗಿಸುವುದರೊಳಗೆ ಅಕ್ಕಪಕ್ಕದಲ್ಲಿ ಇನ್ನೂ ಐದು ಕೈ ಮೇಲೆದ್ದವು. 2023ರ ಮಾರ್ಚ್, ಶನಿವಾರ, ಮಧ್ಯಾಹ್ನ ಮೂರೂವರೆ. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ನೆಲಮಾಳಿಗೆಯ ಲ್ಯಾಬು. ವ್ಯಾಲೊರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟದ ಸೆಮಿಫೈನಲ್‌ಗೆ ಹತ್ತೇ ನಿಮಿಷ ಬಾಕಿ. ಫೆಸ್ಟಿನ ನೆಟ್‌ವರ್ಕ್ ಜವಾಬ್ದಾರಿ ನನ್ನದು.

ಕಾಲೇಜಿನವರು ನನಗೆ ಹಾಕಿದ್ದ ಷರತ್ತು ಒಂದೇ. ಲ್ಯಾಬಿನ ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್‌ಗಳ ಮೇಲೆಯೇ ಪರೀಕ್ಷಾ ವಿಭಾಗದ ಕಂಪ್ಯೂಟರುಗಳೂ ಇವೆ. ಅಂಕಗಳಿರುವ ಆ ಯಂತ್ರಗಳ ಹತ್ತಿರ ಹೊರಗಿನ ಯಾವ ಸಾಧನವೂ ಸುಳಿಯಬಾರದು. ಶುಕ್ರವಾರ ರಾತ್ರಿ ಹನ್ನೊಂದರವರೆಗೆ ಕೂತು ಆ ಕೆಲಸ ಮುಗಿಸಿದ್ದೆ. ಪರೀಕ್ಷೆಗೆ ಒಂದು ವಿ-ಲ್ಯಾನ್, ಅಂದರೆ ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ, ಆಟಕ್ಕೆ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ. ಪರೀಕ್ಷಾ ವಿಭಾಗದ ಪ್ರತಿ ಪೋರ್ಟಿಗೂ ಅದರದೇ ಯಂತ್ರದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಕಟ್ಟಿದ್ದೆ, ಬೇರೆ ಯಂತ್ರ ಚುಚ್ಚಿದರೆ ಪೋರ್ಟು ತಾನಾಗಿ ಮುಚ್ಚಿಕೊಳ್ಳುವ ಹಾಗೆ. ಯಂತ್ರಗಳಿಗೆ ಜಾಲದ ವಿಳಾಸ ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ; ಅದನ್ನು ಕಾಯುವ ಡಿಎಚ್‌ಸಿಪಿ ಸ್ನೂಪಿಂಗ್ ಕೂಡ ಹಾಕಿದ್ದೆ. ಐಪಿ ವಿಳಾಸ ಹಂಚುವ ಅಧಿಕಾರ ನಾವು ಹೇಳಿದ ಪೋರ್ಟಿನ ಹಿಂದಿರುವ ಸರ್ವರ್‌ಗೆ ಮಾತ್ರ, ಬೇರೆ ಯಾರು ಹಂಚಲು ಹೋದರೂ ಸ್ವಿಚ್ ತಡೆಯುತ್ತದೆ. ಈ ಕಾವಲನ್ನು ವಿ-ಲ್ಯಾನ್ ವಿ-ಲ್ಯಾನ್‌ಗೆ ಬೇರೆಬೇರೆಯಾಗಿ ಹಾಕಬೇಕು. ನಾನು ಪರೀಕ್ಷೆಯದಕ್ಕೆ ಹಾಕಿದೆ. ಆಟದ್ದಕ್ಕೆ ಹಾಕಲಿಲ್ಲ. ಒಂದು ದಿನದ ಆಟ ತಾನೇ ಅಂದುಕೊಂಡೆ.

ಆಟದ ಕಡೆ ನಾನು ತಲೆ ಕೆಡಿಸಿಕೊಂಡದ್ದು ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯದ ಬಗ್ಗೆ ಮಾತ್ರ. ಸರ್ವರ್ ಇರುವುದು ಮುಂಬೈಯಲ್ಲಿ. ಲೈನ್ ಖಾಲಿ ಇದ್ದಾಗ 28 ಮಿಲಿಸೆಕೆಂಡ್ ಬರುತ್ತಿತ್ತು. ಆದರೆ ಒಂದೇ ಒಂದು ಸಿಸ್ಟಮ್ ವಿಂಡೋಸ್ ಅಪ್‌ಡೇಟ್ ಎಳೆಯತೊಡಗಿದರೆ 180 ದಾಟುತ್ತಿತ್ತು. ಆ ಆಟದ ಸರ್ವರ್ ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಅಂದರೆ ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ನಡುವೆ ಎಂಟು ಮಿಲಿಸೆಕೆಂಡೂ ಇಲ್ಲ. ಅಂಥಲ್ಲಿ 180 ಅಂದರೆ ಎದುರಾಳಿ ಕಣ್ಣಿಗೆ ಬೀಳುವ ಮೊದಲೇ ಹುಡುಗ ಸತ್ತಿರುತ್ತಾನೆ. ನಮ್ಮದು 100 ಎಂಬಿಪಿಎಸ್ ಲೈನು, ಸ್ಪೀಡಿಗೇನೂ ಕೊರತೆ ಇರಲಿಲ್ಲ. ಡೌನ್‌ಲೋಡಿನ ದೊಡ್ಡ ಪ್ಯಾಕೆಟ್ಟುಗಳು ಲೈನ್ ಕೊಟ್ಟವರ ಉಪಕರಣದಲ್ಲಿ ಸಾಲುಗಟ್ಟಿ ನಿಂತಾಗ, ಆಟದ ಪುಟ್ಟ ಪ್ಯಾಕೆಟ್ಟು ಅವುಗಳ ಬೆನ್ನಿಗೆ ಸಿಕ್ಕಿಬೀಳುತ್ತದೆ. ಸಂಜೆ ಆರಕ್ಕೆ ಚೆನ್ನಮ್ಮ ಸರ್ಕಲ್‌ನಲ್ಲಿ ಲಾರಿಗಳ ಹಿಂದೆ ಸಿಕ್ಕ ಸೈಕಲ್ಲಿನ ಹಾಗೆ. ನಮ್ಮ ರೌಟರಿನಲ್ಲೇ ಮಿತಿಯನ್ನು 90ಕ್ಕೆ ಇಳಿಸಿದೆ, ಸಾಲು ನಿಲ್ಲುವುದಾದರೆ ನಮ್ಮ ಕೈಯಳತೆಯಲ್ಲೇ ನಿಲ್ಲಲಿ ಎಂದು. ಎಫ್‌ಕ್ಯೂ-ಕೋಡೆಲ್ ಎಂಬ ಸರದಿ ಹಂಚುವ ವಿಧಾನ ಹಾಕಿದ ಮೇಲೆ ಪ್ರತಿ ಹರಿವಿಗೂ ಅದರದೇ ಸರದಿ ಸಿಕ್ಕಿತು. ಅಪ್‌ಡೇಟ್ ಓಡುತ್ತಿದ್ದಾಗಲೇ ಪಿಂಗ್ 31ಕ್ಕೆ ಇಳಿದದ್ದನ್ನು ನೋಡಿ ಖುಷಿಯಿಂದ ಮನೆಗೆ ಹೋಗಿದ್ದೆ.

ಫೋನುಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿಬಿಟ್ಟೆ. ಆಟಗಾರರ ಫೋನುಗಳ ಮ್ಯಾಕ್ ನಂಬರ್ ಮೊದಲೇ ಬರೆಸಿಕೊಂಡು, ಅವಕ್ಕೆ ಮಾತ್ರ ವೈಫೈ ಎಂದು ಕಟ್ಟಳೆ ಮಾಡಿದೆ. ಹುಡುಗರು ಹಾಸ್ಟೆಲ್ ವೈಫೈಯಲ್ಲಿ ಕೂತು, ಅಲ್ಲಿ ಕಂಡ ನಂಬರ್ ಬರೆದುಕೊಟ್ಟಿದ್ದರು. ಆದರೆ ಆಂಡ್ರಾಯ್ಡ್ 10ರಿಂದ ಈಚೆಗೆ, ಐಒಎಸ್ 14ರಿಂದ ಈಚೆಗೆ, ಫೋನು ಒಂದೊಂದು ನೆಟ್‌ವರ್ಕಿಗೂ ಒಂದೊಂದು ಬೇರೆ ಮ್ಯಾಕ್ ತೋರಿಸುತ್ತದೆ. ಶನಿವಾರ ಬೆಳಿಗ್ಗೆ ನನ್ನ ಪಟ್ಟಿಯಲ್ಲಿದ್ದ ಫೋನುಗಳಲ್ಲಿ ಹೆಚ್ಚಿನವು ಒಳಗೆ ಬರಲೇ ಇಲ್ಲ. «ಫೋನ್ ಬೇಡ, ಆಟ ಆಡ್ರಿ» ಎಂದು ಸುಮ್ಮನಾಗಿಸಿದೆ.

ಈಗ ಮೂರೂವರೆಗೆ ಬರುತ್ತೇನೆ. ಸೆಮಿಫೈನಲ್‌ಗೆ ಮುಂಚೆ ಎಲ್ಲ ಸಿಸ್ಟಮ್ ರೀಸ್ಟಾರ್ಟ್ ಮಾಡಬೇಕೆಂಬುದು ಆಯೋಜಕರ ನಿಯಮವಾಗಿತ್ತು. ಮಾಡಿದರು. ಹತ್ತರಲ್ಲಿ ಆರಕ್ಕೆ ಇಂಟರ್ನೆಟ್ ಇಲ್ಲ, ನಾಲ್ಕು ಚೆನ್ನಾಗಿವೆ. ಕೇಬಲ್ ಅದೇ, ಸ್ವಿಚ್ ಅದೇ. ಆ ಹುಡುಗನ ಸಿಸ್ಟಮ್‌ನಲ್ಲಿ ವಿಳಾಸ ತೋರಿಸುವ ಐಪಿ ಕಾನ್ಫಿಗ್ ಆಜ್ಞೆ ಹೊಡೆದೆ. ನಾನು ಕೊಟ್ಟದ್ದು 10.30 ಎಂದು ಶುರುವಾಗುವ ವಿಳಾಸ, ಪರದೆಯ ಮೇಲೆ ಇದ್ದದ್ದು 192.168.0.104. ಗೇಟ್‌ವೇ, ಅಂದರೆ ಹೊರಹೋಗುವ ಬಾಗಿಲು, 192.168.0.1. ಕೈಕಾಲು ತಣ್ಣಗಾದವು. ನನ್ನ ಜಾಲದೊಳಗೆ ಇನ್ಯಾರೋ ಕೂತು ವಿಳಾಸ ಹಂಚುತ್ತಿದ್ದರು. ಯಂತ್ರ ಹೊಸದಾಗಿ ಎದ್ದು ‘ನನಗೊಂದು ವಿಳಾಸ ಕೊಡಿ’ ಎಂದು ಕೂಗಿದಾಗ, ಸಾಮಾನ್ಯವಾಗಿ ಮೊದಲು ಓಗೊಟ್ಟವರ ಮಾತೇ ನಡೆಯುತ್ತದೆ. ಆರು ಸಲ ಅವನು ಗೆದ್ದಿದ್ದ.

ಅದೇ ಪರದೆಯಲ್ಲಿ ಯಾವ ಐಪಿಗೆ ಯಾವ ಮ್ಯಾಕ್ ಎಂದು ಹೇಳುವ ಎಆರ್‌ಪಿ ಪಟ್ಟಿ ತೆಗೆದು ಆ ಗೇಟ್‌ವೇಯ ಮ್ಯಾಕ್ ಬರೆದುಕೊಂಡೆ. ಮೊದಲ ಆರು ಅಕ್ಷರ ನೋಡಿದರೆ ತಯಾರಕರು ಯಾರೆಂದು ಗೊತ್ತಾಗುತ್ತದೆ: ಮನೆಗಳಲ್ಲಿ ಇಟ್ಟುಕೊಳ್ಳುವ ವೈಫೈ ರೌಟರ್. ಮೊದಲ ಸ್ವಿಚ್ಚಿನ ಪಟ್ಟಿಯಲ್ಲಿ ಹುಡುಕಿದೆ, ಎರಡನೇ ಸ್ವಿಚ್ಚಿನ ಕಡೆ ಬೆರಳು ತೋರಿಸಿತು. ಎರಡನೆಯದು ಹತ್ತೊಂಬತ್ತನೇ ಪೋರ್ಟ್ ಅಂದಿತು. ಲ್ಯಾಬ್ ಅಟೆಂಡರ್ ಕಾಕಾ ಟಾರ್ಚ್ ಹಿಡಿದರು, ನಾನು ಮೊಣಕಾಲೂರಿ ವೈರು ಹಿಡಿದು ಹೋದೆ. ಅದು ಕಾಮೆಂಟರಿ ಮೇಜಿನ ಕೆಳಗಿದ್ದ ಎಂಟು ಪೋರ್ಟಿನ ಪುಟ್ಟ ಸ್ವಿಚ್ಚಿಗೆ ಹೋಗಿ ಸೇರಿತು. ಅಲ್ಲಿಂದ ಹೊರಟ ಹೊಸ ನೀಲಿ ವೈರೊಂದು ಬಟ್ಟೆಯ ಪರದೆಯ ಹಿಂದಕ್ಕೆ. ಪರದೆಯ ಹಿಂದೆ, ಕುರ್ಚಿಯ ಮೇಲೆ, ಎರಡು ಆಂಟೆನಾದ ಬಿಳಿ ರೌಟರು ಮಿಣಮಿಣ ಅನ್ನುತ್ತಿತ್ತು. ಬೆನ್ನಿಗೆ ಟೇಪು ಹಚ್ಚಿ ಹಾಸ್ಟೆಲಿನ ರೂಮ್ ನಂಬರ್ ಬರೆದಿದ್ದರು. ವೈರನ್ನು ಹೊರಗಿನ ನೆಟ್ ಬರುವ ವ್ಯಾನ್ (WAN) ಪೋರ್ಟಿಗೆ ಹಾಕದೆ, ಒಳಗಿನ ಯಂತ್ರಗಳಿಗಿರುವ ಲ್ಯಾನ್ (LAN) ಪೋರ್ಟಿಗೆ ಚುಚ್ಚಿದ್ದರು. ವ್ಯಾನ್‌ಗೆ ಹಾಕಿದ್ದರೆ ಅದರ ಡಿಎಚ್‌ಸಿಪಿ ನಮ್ಮ ಕಡೆ ತಿರುಗುತ್ತಲೇ ಇರಲಿಲ್ಲ.

ಕಿತ್ತೆ. ಹೊರಗೆ ಬಂದು ಯಾರದಿದು ಎಂದು ಕೇಳಿದೆ. ಜೋರಾಗಿಯೇ ಕೇಳಿದೆ. ಎರಡನೇ ವರ್ಷದ ಒಬ್ಬ ಹುಡುಗ ಎದ್ದು ನಿಂತ, ಮುಖ ಬಿಳಿಚಿತ್ತು.

«ನಂದ್ರೀ ಸರ್. ಪ್ರತಿ ರೌಂಡಿಗೆ ಸೀಟ್ ಬದಲಾಗ್ತಾವ್ರೀ, ಹೊಸ ಸಿಸ್ಟಮ್‌ನಾಗ ಲಾಗಿನ್ ಆದ್ರ ಮೇಲ್‌ಗೆ ಕೋಡ್ ಬರ್ತದ. ಇಲ್ಲಿ ಕೆಳಗ ಸಿಗ್ನಲ್ ಇಲ್ಲ, ವೈಫೈ ನಮ್ಮ ಫೋನ್ ತಗೊಳ್ಳೂದಿಲ್ಲ. ಬೆಳಿಗ್ಗೆ ಕೋಡಿಗಂತ ಮ್ಯಾಲೆ ಓಡಿ ಹೋಗಿ ಬರೂದ್ರಾಗ ನಮ್ಮ ಜೂನಿಯರ್ ಟೀಮ್ ಟೈಮ್ ಮುಗೀತ್ರೀ. ಅದಕ್ಕ ತಂದೆ. ಅದಕ್ಕೂ ನೆಟ್ ಬರಲಿಲ್ಲ, ಹಂಗ ಬಿಟ್ಟೆ.»

ಜೂನಿಯರ್ ಟೀಮ್ ಹೊರಗೆ ಬಿದ್ದದ್ದು ನನಗೆ ಗೊತ್ತಿತ್ತು. ತಡವಾಗಿ ಬಂದರು ಅಂತಷ್ಟೇ ತಿಳಿದಿದ್ದೆ. ಮೂರು ವಾರ ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದ ಐದು ಮಕ್ಕಳು ನಾನು ಹಾಕಿದ ಕಟ್ಟಳೆಯಿಂದ ಹೊರಗೆ ಹೋಗಿದ್ದರು, ನನಗೆ ಅದರ ಸುಳಿವೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆರು ಅಂಕಿಯ ಕೋಡ್ ನೋಡುವಷ್ಟು ನೆಟ್ಟು. ಆ ಹುಡುಗನ ಮುಂದೆ ನನ್ನ ದನಿ ತಾನಾಗಿ ತಗ್ಗಿತು.

ಆಯೋಜಕರಿಂದ ಇಪ್ಪತ್ತು ನಿಮಿಷ ಕೇಳಿಕೊಂಡೆ. ಮೊದಲು ಆಟದ ವಿ-ಲ್ಯಾನ್‌ಗೂ ಸ್ನೂಪಿಂಗ್ ಹಾಕಿದೆ. ಆಮೇಲೆ ಫೋನುಗಳಿಗೆಂದೇ ಮೂರನೆಯ ವಿ-ಲ್ಯಾನ್ ತೆರೆದು, ಮ್ಯಾಕ್ ಪಟ್ಟಿ ತೆಗೆದುಹಾಕಿ, ಪಾಸ್‌ವರ್ಡನ್ನು ಬೋರ್ಡಿನ ಮೇಲೆ ಬರೆದೆ. ತಲೆಗೆ 2 ಎಂಬಿಪಿಎಸ್. ಒಂದು ಫೋನಿಗೆ ಇನ್ನೊಂದು ಕಾಣದು, ಆಟದ ಯಂತ್ರಗಳೂ ಪರೀಕ್ಷಾ ವಿಭಾಗವೂ ಕಾಣವು. ಹುಡುಗರು ಸರದಿಯಲ್ಲಿ ಕೋಡ್ ನೋಡಿ ಲಾಗಿನ್ ಆದರು. ಜೂನಿಯರ್ ಟೀಮಿನ ಮಾತನ್ನೂ ಆಯೋಜಕರ ಮುಂದೆ ಎತ್ತಿದೆ, ತಪ್ಪು ನನ್ನದೆಂದು ಹೇಳಿದೆ. ಬ್ರಾಕೆಟ್, ಅಂದರೆ ಪಂದ್ಯಗಳ ಪಟ್ಟಿ, ಬದಲಿಸಲು ಆಗಲಿಲ್ಲ. ಫೈನಲ್ ಮುಗಿದ ಮೇಲೆ ಅವರಿಗೊಂದು ಪ್ರದರ್ಶನ ಪಂದ್ಯ ಕೊಡಲು ಒಪ್ಪಿದರು.

ನಾಲ್ಕು ಗಂಟೆಗೆ ಸೆಮಿಫೈನಲ್ ಶುರುವಾಯಿತು. ರೌಟರಿನ ಹುಡುಗ ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ನಿಂತಿದ್ದ.

«ಸರ್, ಈಗ ಅದನ್ನ ಮತ್ತ ಹಚ್ಚಿದ್ರ ಏನಾಗ್ತದ್ರೀ?»

ಖಾಲಿ ಇದ್ದ ಇನ್ನೊಂದು ಸ್ವಿಚ್ಚಿಗೆ ಅದೇ ಸೆಟ್ಟಿಂಗ್ ಹಾಕಿ, ವಿಳಾಸ ಕೇಳುತ್ತಿರಲೆಂದು ಒಂದು ಸಿಸ್ಟಮ್ಮನ್ನೂ ಅದಕ್ಕೆ ಜೋಡಿಸಿ, ರೌಟರನ್ನು ಅವನ ಕೈಗೇ ಕೊಟ್ಟು ಹಚ್ಚು ಅಂದೆ. ಹಚ್ಚಿದ. ಒಂದೆರಡು ಸೆಕೆಂಡಿನಲ್ಲಿ ಪರದೆಯ ಮೇಲೆ ತಡೆದ ಪ್ಯಾಕೆಟ್ಟಿನ ಲೆಕ್ಕ ಏರತೊಡಗಿತು. ಒಂದು, ಎರಡು, ಐದು. ಅವನು ಬಗ್ಗಿ ಎಣಿಸತೊಡಗಿದ.