ಚೀಟಿ ಕೊಟ್ಟೆ, ಕೆಲಸ ಆಗಲಿಲ್ಲ

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತೆ. ಮಂಗಳವಾರ ನಮ್ಮ ತಂಡ ತಾಲ್ಲೂಕು ಆಸ್ಪತ್ರೆಯಲ್ಲಿರುತ್ತದೆ. ಮಾನಸಿಕ ಕಾಯಿಲೆಯವರಿಗಾಗಿ ಮನೋಚೈತನ್ಯ ಕ್ಲಿನಿಕ್ ನಡೆಯುವ ದಿನ ಅದು. ಡಾಕ್ಟರು ನೋಡುತ್ತಾರೆ, ಮಾತ್ರೆ ಅಲ್ಲೇ ಸಿಗುತ್ತದೆ.

ಸ್ಕಿಜೋಫ್ರೀನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇದ್ದ ಒಬ್ಬ ಹೆಂಗಸು ತಾಯಿಯ ಜೊತೆ ತಪ್ಪದೆ ಬರುತ್ತಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಎರಡು ತಿಂಗಳು ಅವರು ಬರಲಿಲ್ಲ. ರಿಜಿಸ್ಟರಿನಲ್ಲಿ 'ಫಾಲೋಅಪ್‌ಗೆ ಬಂದಿಲ್ಲ' ಅಂತ ಬರೆದು ಮುಂದಿನ ಹೆಸರು ಕರೆದೆ.

ಆ ಊರಿನ ಆಶಾ ಕಾರ್ಯಕರ್ತೆ ಬೇರೆ ಯಾವುದೋ ಕೆಲಸಕ್ಕೆ ಆಸ್ಪತ್ರೆಗೆ ಬಂದಿದ್ದರು. ಸುಮ್ನೆ ಕೇಳಿದೆ. "ಅವರಮ್ಮ ತೀರಿಹೋದ್ರಲ್ಲ ಮೇಡಂ, ಇನ್ಯಾರು ಕರ್ಕೊಂಡು ಬರ್ತಾರೆ?" ಅಂದರು. ಊರಿಗೆಲ್ಲ ಗೊತ್ತಿದ್ದದ್ದು ನಮಗೆ ಮಾತ್ರ ಗೊತ್ತಿರಲಿಲ್ಲ.

ಮನೆಗೆ ಹೋದೆವು. ಮಾತ್ರೆ ಮುಗಿದು ವಾರಗಳಾಗಿದ್ದವು. ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಕವರು ನೇತುಹಾಕಿತ್ತು. ಅದರಲ್ಲಿ ರೇಷನ್ ಕಾರ್ಡಿನ ಜೊತೆ ಒಂದು ವರ್ಷದ ಹಿಂದೆ ನಾನೇ ಕೊಟ್ಟ ಚೀಟಿ, ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅಂಗವಿಕಲರ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ ಅಂತ ಬರೆದ ಚೀಟಿ. ಇಂಗ್ಲಿಷಿನಲ್ಲಿ. ನನ್ನ ಲೆಕ್ಕದಲ್ಲಿ ಆ ಕೆಲಸ ಅವತ್ತೇ ಮುಗಿದಿತ್ತು! ಆ ಕ್ಷಣ ಇವತ್ತಿಗೂ ಚುಚ್ಚುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಆದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಕೈಗೆ ಬರಬೇಕಾದರೆ ಆನ್‌ಲೈನ್ ಅರ್ಜಿ, ಡಾಕ್ಟರ ತಪಾಸಣೆ. ಆಮೇಲೆ ಮಾಸಾಶನಕ್ಕೆ ನಾಡಕಚೇರಿ. ತಲೆಯೊಳಗೆ ದನಿ ಕೇಳಿಸುವ ಒಬ್ಬಂಟಿ ಹೆಂಗಸು ಇಷ್ಟನ್ನೂ ಓಡಾಡಿ ಮಾಡಿಸಿಕೊಳ್ಳಬೇಕು. ಆಗುತ್ತಾ?

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೇ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಊರ ಹತ್ತಿರ ತಂದರು. ನಮ್ಮ ನಾಡಿನಿಂದ ಹೋದ ದೊಡ್ಡ ಕೆಲಸ ಅದು, ನನಗೆ ಹೆಮ್ಮೆಯಿದೆ. ಆದರೆ ಮಾತ್ರೆ ಹತ್ತಿರ ಬಂದರೂ ಮಾಸಾಶನ, ಉದ್ಯೋಗ ಖಾತ್ರಿ, ರೇಷನ್ ಎಲ್ಲ ಬೇರೆ ಬೇರೆ ಬಾಗಿಲಲ್ಲೇ ಇವೆ.

ಈಗ ನಾನು ಬರೀ ಚೀಟಿ ಕೊಟ್ಟು ಕಳಿಸುವುದಿಲ್ಲ. ರೋಗಿ ಎದುರಿಗೆ ಕೂತಿರುವಾಗಲೇ ಗ್ರಾಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿಗೆ ಫೋನ್ ಮಾಡುತ್ತೇನೆ. ಯಾವ ದಿನ, ಯಾರ ಜೊತೆ, ಬಸ್ ಚಾರ್ಜಿಗೆ ಏನು ಅಂತ ಅಲ್ಲೇ ಮಾತಾಡಿಕೊಳ್ಳುತ್ತೇವೆ. ಬಾರದವರ ಪಟ್ಟಿಯನ್ನು ಅದೇ ಸಂಜೆ ಆಶಾಗಳಿಗೆ ಕೊಟ್ಟು ವಿಚಾರಿಸುತ್ತೇನೆ. ಪಟ್ಟಿ ಅಂದರೆ ಹೆಸರು ಮಾತ್ರ, ಕಾಯಿಲೆ ಅಲ್ಲ.

ಅದನ್ನೂ ಪೆಟ್ಟು ತಿಂದೇ ಕಲಿತೆ. ಮೊದಮೊದಲು ಉತ್ಸಾಹದಲ್ಲಿ ಒಬ್ಬ ಹುಡುಗನ ಕಾಯಿಲೆಯ ಹೆಸರನ್ನು ಫೋನಿನಲ್ಲಿ ಹೇಳಿಬಿಟ್ಟೆ. ಆ ಕಡೆ ಸ್ಪೀಕರ್ ಆನ್ ಇತ್ತು, ಸುತ್ತ ಜನ ಇದ್ದರು. ಹುಡುಗನ ಅಕ್ಕನ ಮದುವೆ ಮಾತುಕತೆ ನಡೆಯುತ್ತಿತ್ತು. ಅವರಪ್ಪ ನನ್ನ ಹತ್ತಿರ ಜಗಳವಾಡಲಿಲ್ಲ, ಬರುವುದನ್ನೇ ನಿಲ್ಲಿಸಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ. ಈಗ ಮೊದಲು ಕೇಳುತ್ತೇನೆ: "ಪಂಚಾಯಿತಿಯವರಿಗೆ ಏನು ಹೇಳಲಿ, ಏನು ಬೇಡ?" ಕೆಲವರು ಬೇಡ ಅನ್ನುತ್ತಾರೆ. ಅವರ ಜೊತೆ ನಾನೇ ಹೋಗುತ್ತೇನೆ, ನಿಧಾನವಾದರೂ ಸರಿ. ರಾತ್ರಿ ಹೊತ್ತು ಬೇಕಾದರೆ ಇರಲಿ ಅಂತ 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರನ್ನು, ಮಾತ್ರೆ ಕವರಿನ ಮೇಲೆ ಬರೆದುಕೊಡುತ್ತೇನೆ.

ಆ ಹೆಂಗಸಿಗೆ ಕಾರ್ಡ್ ಬಂತು, ಮಾಸಾಶನವೂ ಶುರುವಾಯಿತು. ಪಕ್ಕದ ಮನೆಯಾಕೆ ಕರೆದುಕೊಂಡು ಬರುತ್ತಾರೆ. ಆಕೆಗೆ ಅವತ್ತು ಕೂಲಿ ತಪ್ಪುತ್ತದೆ. ಅದಕ್ಕಿನ್ನೂ ನಮ್ಮ ಹತ್ತಿರ ದಾರಿಯಿಲ್ಲ. ಹಾಗಾಗಿ ಮಂಗಳವಾರ ಅವರಿಬ್ಬರನ್ನೇ ಮೊದಲು ಒಳಗೆ ಕರೆಯುತ್ತೇವೆ, ಹತ್ತೂವರೆ ಬಸ್ಸಿಗೆ ವಾಪಸ್ ಹೋಗಲಿ ಅಂತ.