ಇಂಟರ್ನ್‌ಶಿಪ್ಪಲ್ಲಿ ಸಿಕ್ಕಿದ ಅರ್ಧ ಕುಕ್ಕರ್

ಇಂಜಿನಿಯರಿಂಗ್ ಮೂರನೇ ವರ್ಷ ಮುಗಿದ್ಮೇಲೆ ರಜೆಲಿ ಎರಡು ತಿಂಗಳು ಬೆಂಗಳೂರಿನ ಒಂದು ದೊಡ್ಡ ಕಂಪ್ನಿಲಿ ಇಂಟರ್ನ್ ಆಗಿದ್ದೆ, ಆನ್‌ಲೈನಲ್ಲಿ ಸಾಮಾನು ಮಾರೋ ಕಂಪ್ನಿ, ಹೆಸರು ಬೇಡ. ನಮ್ಮೂರು ಅರಸೀಕೆರೆ ಹತ್ರ ಒಂದು ಹಳ್ಳಿ, ಹತ್ತನೇ ಕ್ಲಾಸ್ ತನಕ ನಂದು ಕನ್ನಡ ಮೀಡಿಯಮ್ಮು, ಹಾಗಾಗಿ ಆಫರ್ ಲೆಟರ್ ಬಂದಾಗ ಮನೇಲಿ ಎಷ್ಟು ಖುಷಿ ಇತ್ತೋ ನನಗೆ ಅಷ್ಟೇ ಭಯ ಇತ್ತು. ಮಾರತ್ತಹಳ್ಳಿಲಿ ಪಿಜಿ, ಬೆಳ್ಳಂದೂರಲ್ಲಿ ಆಫೀಸು, ದಿನಾ ಬೆಳಗ್ಗೆ 500ಡಿ ಬಸ್ಸಲ್ಲಿ ನಿಂತ್ಕೊಂಡು ಹೋಗೋದು. ಮೊದಲ ಎರಡು ವಾರ ಹೇಳೋಕೆ ಏನೂ ಇಲ್ಲ, ಲ್ಯಾಪ್‌ಟಾಪು, ಪಾಸ್‌ವರ್ಡು, ಅದಕ್ಕೆ ಪರ್ಮಿಷನ್ನು ಇದಕ್ಕೆ ಪರ್ಮಿಷನ್ನು, ಟ್ರೈನಿಂಗ್ ವಿಡಿಯೋ, ಇಷ್ಟರಲ್ಲೇ ಕಳೆದೋಯ್ತು.

ನನ್ನನ್ನ ಹಾಕಿದ್ದು ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳ್ಸೋ ಟೀಮಿಗೆ. ನಿಮ್ಮ ಪಾರ್ಸೆಲ್ ಹೊರಟಿದೆ, ಇವತ್ತು ಬರುತ್ತೆ, ತಂದವರಿಗೆ ಈ ನಂಬರ್ ಹೇಳಿ ಅಂತೆಲ್ಲಾ ಬರುತ್ತಲ್ಲ, ಅದು. ನನ್ನ ಮೆಂಟರ್ ಕೋಲ್ಕತ್ತಾದವ್ರು, ತುಂಬಾ ತಾಳ್ಮೆ ಇರೋ ಮನುಷ್ಯೆ. ಮೂರನೇ ವಾರ ಅವರು ಹಳೇ ಟಿಕೆಟ್‌ಗಳ (ಗ್ರಾಹಕರ ಒಂದೊಂದು ಕಂಪ್ಲೇಂಟಿಗೂ ಅಲ್ಲಿ ಟಿಕೆಟ್ ಅಂತಾರೆ) ಒಂದು ಪಟ್ಟಿ ಕೊಟ್ಟು, ಇದನ್ನೆಲ್ಲ ಓದಿ ಯಾವ ತರದ ಕಂಪ್ಲೇಂಟ್ ಎಷ್ಟಿದೆ ಅಂತ ವಿಂಗಡಿಸು ಅಂದ್ರು. ಇಂಟರ್ನ್‌ಗೆ ಕೊಡೋ ಕೆಲ್ಸಾನೇ ಅದು ಅಂತ ನಾನೂ ಕೂತೆ. ಅದರಲ್ಲಿ ಕನ್ನಡದಲ್ಲಿ ಬರೆದಿದ್ದ ಕಂಪ್ಲೇಂಟ್‌ಗಳು ಒಂದಷ್ಟಿದ್ವು, ಎಲ್ಲದ್ರ ಮೇಲೂ "ಫಾಂಟ್ ಪ್ರಾಬ್ಲಮ್, ಗ್ರಾಹಕರ ಫೋನ್ ಹಳೇದು" ಅಂತ ಬರೆದು ಮುಚ್ಚಿಬಿಟ್ಟಿದ್ರು. ಓದೋರೇ ಇರ್ಲಿಲ್ಲ ಅಲ್ಲಿ, ಟೀಮಲ್ಲಿದ್ದ ಹದಿನಾಲ್ಕು ಜನರಲ್ಲಿ ಕನ್ನಡ ಓದೋಕೆ ಬರ್ತಿದ್ದಿದ್ದು ನನಗೊಬ್ಬಳಿಗೆ. ಒಬ್ರು ಬರೆದಿದ್ರು, "ಸ್ಟೇನ್‌ಲೆಸ್ ಸ್ಟೀಲ್ ಪ್ರೆಶರ್ ಕುಕ ಬರುತ್ತೆ ಅಂತ ಮೆಸೇಜ್ ಬಂದಿದೆ, ನಾನು ಕುಕ್ಕರ್ ಹೇಳಿದ್ದು, ಕುಕ ಅಂದ್ರೆ ಏನು ದಯವಿಟ್ಟು ತಿಳಿಸಿ."

ಆ ಸಾಲನ್ನ ಎಷ್ಟು ಸಲ ಓದಿದ್ನೋ ಗೊತ್ತಿಲ್ಲ. ಅದನ್ನ ಬರೆದಿರೋರು ನಮ್ಮೂರಲ್ಲೇ ಯಾರೋ ಇರಬಹುದು ಅನ್ನಿಸ್ತು. ಅಷ್ಟು ಮರ್ಯಾದೆಯಿಂದ ದಯವಿಟ್ಟು ತಿಳಿಸಿ ಅಂತ ಕೇಳಿದ್ದಾರೆ, ಯಾರೂ ತಿಳಿಸಿಲ್ಲ.

ಸರಿ, ಫೋನ್ ಹಳೇದಾದ್ರೆ ಡಬ್ಬಿ ಡಬ್ಬಿ ಕಾಣುತ್ತೆ, ಕುಕ ಅಂತ ಯಾಕೆ ಕಾಣುತ್ತೆ? ಕೋಡ್ ತೆಗೆದು ನೋಡಿದೆ. ನಮ್ಮ ದೇಶದಲ್ಲಿ ಕಂಪ್ನಿಗಳು ಮನಸ್ಸಿಗೆ ಬಂದ ಹಾಗೆ ಎಸ್ಸೆಮ್ಮೆಸ್ ಕಳ್ಸೋ ಹಾಗಿಲ್ಲ, ಟೆಲಿಕಾಂ ನಿಯಂತ್ರಿಸೋ ಸಂಸ್ಥೆ ಟ್ರಾಯ್ ಮಾಡಿದ 2018ರ ರೂಲ್ಸ್ ಪ್ರಕಾರ ಪ್ರತಿ ಮೆಸೇಜಿನ ಒಕ್ಕಣೆನೂ ಮೊದಲೇ ಡಿಎಲ್‌ಟಿ ಅನ್ನೋ ಮೊಬೈಲ್ ಕಂಪ್ನಿಗಳ ಆನ್‌ಲೈನ್ ದಾಖಲೆಲಿ ರಿಜಿಸ್ಟರ್ ಆಗಿರ್ಬೇಕು, ಹೆಸರು ನಂಬರು ಬರೋ ಜಾಗ ಮಾತ್ರ ಖಾಲಿ ಬಿಡಬಹುದು, ಆ ಒಂದೊಂದು ಖಾಲಿ ಜಾಗಕ್ಕೆ ಆಗ 30 ಕ್ಯಾರೆಕ್ಟರ್ ಮಿತಿ ಇತ್ತು. ಹಾಗಾಗಿ ಯಾರೋ ಯಾವತ್ತೋ ಸಾಮಾನಿನ ಹೆಸರನ್ನ 30ಕ್ಕೆ ಕತ್ತರಿಸು ಅಂತ ಒಂದು ಸಾಲು ಬರೆದಿದ್ರು. ಇಂಗ್ಲಿಷಲ್ಲಿ ಕೊನೇ ಎರಡು ಅಕ್ಷರ ಹೋದ್ರೂ ಏನೋ ಒಂದು ಗೊತ್ತಾಗುತ್ತೆ. ಕನ್ನಡದಲ್ಲಿ ಹಾಗಲ್ಲ. ಕಂಪ್ಯೂಟರ್ ಒಳಗೆ "ಕ್ಕ" ಅನ್ನೋದು ಒಂದಕ್ಷರ ಅಲ್ಲ ಮೂರು, ಕ, ಅರ್ಧ ಮಾಡೋ ಚಿಹ್ನೆ, ಆಮೇಲೆ ಇನ್ನೊಂದು ಕ. ಗುಡಿಸು, ಕೊಂಬು, ಏತ್ವ ಎಲ್ಲಾನೂ ಬೇರೆ ಬೇರೆ ಲೆಕ್ಕ. ಒಂದನೇ ಕ್ಲಾಸಲ್ಲಿ ಕಾಗುಣಿತ ಹೇಳಿಸ್ತಿದ್ರಲ್ಲ, ಕ ಗುಡಿಸು ಕಿ, ಕ ಕೊಂಬು ಕು, ಎಲ್ಲಾ ಭಾಷೆ ಅಕ್ಷರಗಳಿಗೂ ಕಂಪ್ಯೂಟರಲ್ಲಿ ಒಂದೊಂದು ನಂಬರ್ ಕೊಡೋ ಯೂನಿಕೋಡಲ್ಲಿ ಕನ್ನಡ ಹೆಚ್ಚುಕಮ್ಮಿ ಹಾಗೇ ಕೂತಿದೆ.

ಒಂದು ಹಾಳೆ ತಗೊಂಡು "ಸ್ಟೇನ್‌ಲೆಸ್ ಸ್ಟೀಲ್ ಪ್ರೆಶರ್ ಕುಕ್ಕರ್" ಅಂತ ಬರೆದು ಒಂದೊಂದೇ ಬಿಡಿಸಿ ಎಣಿಸಿದೆ. ಸ, ಅರ್ಧ, ಟ, ಏತ್ವದ ದೀರ್ಘ, ನ, ಅರ್ಧ, ಅದಾದ್ಮೇಲೆ ನ ಕೆಳಗೆ ಲ ಒತ್ತು ಬರದ ಹಾಗೆ ತಡೆಯೋಕೆ ಇರೋ ಕಣ್ಣಿಗೇ ಕಾಣದ ಒಂದು ಕ್ಯಾರೆಕ್ಟರ್, ಅದೂ ಒಂದು. ಒಟ್ಟು 34. ಮೂವತ್ತನೇದು ಎಲ್ಲಿ ಬೀಳುತ್ತೆ ಅಂದ್ರೆ ಸರಿಯಾಗಿ ಕುಕ್ಕರಿನ ಎರಡನೇ ಕ ಮೇಲೆ. ಕುಕ! ಟಿಕೆಟಲ್ಲಿ ಏನಿತ್ತೋ ಅದೇ. ನನಗೆ ಮೈಯೆಲ್ಲ ಜುಮ್ ಅಂತು, ಎರಡು ವಾರದಿಂದ ಈ ಆಫೀಸಲ್ಲಿ ನನಗೇನು ಗೊತ್ತು ಅಂತ ಕೂತಿದ್ದೋಳಿಗೆ ಬೇರೆ ಯಾರಿಗೂ ಕಾಣದೇ ಇದ್ದಿದ್ದು ಕಂಡಿತ್ತು. ಒಂದು ಗುಡಿಸು ಬಿದ್ದೋದ್ರೆ ಅಕ್ಕಿ ಅಕ್ಕ ಆಗ್ಬಿಡುತ್ತೆ, ಇದನ್ನ ಫಾಂಟ್ ಪ್ರಾಬ್ಲಮ್ ಅಂತ ಹೇಗೆ ಮುಚ್ಚೋದು?

ಮೆಂಟರ್‌ಗೆ ಆ ಹಾಳೆ ತೋರಿಸ್ದೆ. ಅವರು ಒಂದ್ನಿಮಿಷ ನೋಡಿ ಪಕ್ಕದಲ್ಲೇ ಬಂಗಾಳಿಲಿ ಒಂದು ಪದ ಬರೆದು, ಅದನ್ನೂ ಹೀಗೇ ಬಿಡಿಸಿ, ನಮ್ಮಲ್ಲೂ ಇದೇ ಕಥೆ ಅಂದ್ರು. ಅವರಲ್ಲೂ ಕೂಡಕ್ಷರ ಇದೆಯಲ್ಲ. ಅಲ್ಲಿಂದ ಮುಂದೆ ನಾನು ಏನೂ ವಿವರಿಸಬೇಕಾಗ್ಲಿಲ್ಲ.

ಅದನ್ನ ಸರಿ ಮಾಡೋ ಕೆಲ್ಸ ನನಗೇ ಕೊಟ್ರು. ಅಕ್ಷರ ಬಿಡಿಸೋಕೆ ಬೇರೆಯವ್ರು ಬರೆದಿಟ್ಟ ರೆಡಿ ಕೋಡ್ ಹಾಕಿ ನೋಡಿದ್ರೆ ಅದೂ "ಕ್" ಒಂದು ಕಡೆ "ಕ" ಒಂದು ಕಡೆ ಅಂತ ಬಿಡಿಸ್ತಿತ್ತು, ಒತ್ತಕ್ಷರ ಒಂದೇ ಅಂತ ಅದಕ್ಕೆ ಗೊತ್ತಿರ್ಲಿಲ್ಲ. ಮೂರು ದಿನ ಕೂತು ನಾನೇ ನಿಯಮ ಬರೆದೆ, ಅರ್ಧದ ಚಿಹ್ನೆ ಬಂದ್ರೆ ಮುಂದಿನ ವ್ಯಂಜನಾನೂ ಜೊತೆಗೆ ಹೋಗ್ಬೇಕು, ನಡುವೆ ಆ ಕಾಣದ ಕ್ಯಾರೆಕ್ಟರ್ ಇದ್ರೆ ಬೇಡ, ಹೀಗೆ. ರಿವ್ಯೂಗೆ ಹಾಕಿದಾಗ ಇನ್ನೊಬ್ಬ ಸೀನಿಯರ್ ಕೇಳಿದ್ದು ಒಂದೇ ಪ್ರಶ್ನೆ, ಪದದ ಮಧ್ಯೆ ಕತ್ತರಿಸೋದೇ ಯಾಕೆ, ಪದ ಮುಗಿದ ಕಡೆ ನಿಲ್ಲಿಸಿದ್ರಾಗಲ್ವಾ? ಹೌದಲ್ವಾ ಅನ್ನಿಸ್ತು. ಮೊದಲು ಪದ ಮುಗಿಯೋ ಕಡೆ ನಿಲ್ಲಿಸೋದು, ಒಂದೇ ಪದ 30 ದಾಟಿದ್ರೆ ಮಾತ್ರ ನನ್ನ ನಿಯಮ, ಅಂತ ಬದಲಾಯಿಸಿದ್ವಿ. ಜೊತೆಗೆ ದೊಡ್ಡ ಹೆಸರಿರೋ ಸಾಮಾನಿಗೆಲ್ಲ ಮೆಸೇಜಲ್ಲಿ ಹಾಕೋಕೆ ಅಂತಲೇ ಒಂದು ಚಿಕ್ಕ ಹೆಸರು ಇರ್ಲಿ ಅಂದ್ರು, ಸ್ಟೀಲ್ ಕುಕ್ಕರ್ ಅಂದ್ರೆ ಸಾಕಲ್ಲ.

ಇಷ್ಟಕ್ಕೇ ಮುಗೀತು ಅಂದ್ಕೊಂಡಿದ್ದೆ, ನಿಜವಾದ ತಕರಾರು ಶುರು ಆಗಿದ್ದೇ ಆಮೇಲೆ.

ಒಂದು ಎಸ್ಸೆಮ್ಮೆಸಲ್ಲಿ ಹಿಡಿಸೋದು 140 ಬೈಟ್, ಅಂದ್ರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಅದಕ್ಕೇ 160 ಅಕ್ಷರ. ಕನ್ನಡ ಹೋಗೋದು ಒಂದೊಂದಕ್ಕೆ 16 ಬಿಟ್ ಲೆಕ್ಕದಲ್ಲಿ, ಹಾಗಾಗಿ ಬರೀ 70, ಅದೂ ಗುಡಿಸು ಕೊಂಬು ಎಲ್ಲ ಎಣಿಸಿ. ಉದ್ದ ಆದ್ರೆ ತುಂಡು ತುಂಡಾಗಿ ಹೋಗುತ್ತೆ, ಜೋಡಿಸೋ ಮಾಹಿತಿಗೂ ಜಾಗ ಬೇಕಲ್ಲ, ಆಗ ತುಂಡಿಗೆ 67. ಕಂಪ್ನಿ ದುಡ್ಡು ಕಟ್ಟೋದು ತುಂಡಿನ ಲೆಕ್ಕದಲ್ಲಿ. ನಮ್ಮ ಕನ್ನಡ ಮೆಸೇಜು ನಾಲ್ಕು ತುಂಡಾಗ್ತಿತ್ತು, ಅದೇ ಇಂಗ್ಲಿಷಲ್ಲಿ ಒಂದು. (ಕನ್ನಡಕ್ಕೂ 7 ಬಿಟ್‌ನ ಪಟ್ಟಿ ಎಸ್ಸೆಮ್ಮೆಸ್ ಸ್ಟ್ಯಾಂಡರ್ಡಲ್ಲೇ ಇದೆ ಅಂತ ಓದಿ ಕುಣಿದಾಡಿದ್ದೆ, ಆದ್ರೆ ತಗೊಳ್ಳೋ ಫೋನಿಗೂ ಅದು ಗೊತ್ತಿರ್ಬೇಕು, ನಾವು ಕಳ್ಸೋ ದಾರಿಲಿ ಅದು ಇರ್ಲೇ ಇಲ್ಲ.) ವಾರದ ಮೀಟಿಂಗಲ್ಲಿ ಈ ಲೆಕ್ಕ ಸ್ಕ್ರೀನ್ ಮೇಲೆ ಬಂದಾಗ ಒಬ್ರು, ಹಾಗಿದ್ರೆ ಕನ್ನಡ ಮೆಸೇಜೇ ನಿಲ್ಲಿಸಿ ಎಲ್ಲರಿಗೂ ಇಂಗ್ಲಿಷಲ್ಲೇ ಕಳ್ಸೋಣ, ನಂಬರ್ ಅಂತೂ ಎಲ್ಲರೂ ಓದ್ತಾರಲ್ಲ ಅಂದ್ರು. ಅವರು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಲೆಕ್ಕ ನೋಡೋರು ಹಾಗೇ ಹೇಳೋದು. ಆದ್ರೆ ನನಗೆ ಹೊಟ್ಟೆಲಿ ತಳಮಳ ಆಯ್ತು. ಅಲ್ಲಿ ತನಕ ಯಾವ ಮೀಟಿಂಗಲ್ಲೂ ಬಾಯಿ ಬಿಟ್ಟಿರ್ಲಿಲ್ಲ ನಾನು. ಅವತ್ತು ಮಾತಾಡ್ದೆ, ಇಂಗ್ಲಿಷ್ ತಡವರಿಸ್ತಿತ್ತು, ಆದ್ರೂ ಮಾತಾಡ್ದೆ, ನಮ್ಮಮ್ಮ ಏಳನೇ ಕ್ಲಾಸು, ಕನ್ನಡ ಪೇಪರ್ ಓದ್ತಾರೆ, ಇಂಗ್ಲಿಷ್ ಮೆಸೇಜ್ ಬಂದ್ರೆ ಪಕ್ಕದ ಮನೆ ಹುಡುಗನ್ನ ಕರೀತಾರೆ, ಆ ಹುಡುಗನಿಗೆ ತೋರಿಸಿದ್ರೆ ಒಟಿಪಿ ತೋರಿಸಿದ ಹಾಗೇ ಅಲ್ವಾ, ಯಾರಿಗೂ ತೋರಿಸ್ಬೇಡಿ ಅಂತ ನಾವೇ ಬರೀತೀವಿ, ಓದೋಕಾಗದ ಭಾಷೇಲೂ ನಾವೇ ಬರೀತೀವಿ. ಉದ್ದ ಇದ್ರೆ ಚಿಕ್ಕದು ಮಾಡೋಣ, ಒಂದು ವಾರ ಕೊಡಿ ಅಂದೆ. ಮೆಂಟರ್, ಕೊಡೋಣ ಅಂದ್ರು.

ಅವತ್ತು ಸಂಜೆ ಪಿಜಿ ಟೆರೇಸ್ ಮೇಲೆ ನಿಂತ್ಕೊಂಡು ಅಮ್ಮಂಗೆ ಆ ಹಳೇ ಮೆಸೇಜ್ ನನ್ನ ಫೋನಿಂದ ಕಳ್ಸಿ, ಓದಮ್ಮ ಏನು ಅರ್ಥ ಆಯ್ತು ಹೇಳು ಅಂದೆ. ಮೊದಲ ಸಾಲು "ಪ್ರಿಯ ಗ್ರಾಹಕರೇ, ನಿಮ್ಮ ಆದೇಶವನ್ನು ಯಶಸ್ವಿಯಾಗಿ ರವಾನಿಸಲಾಗಿದೆ." ಅಮ್ಮ ನಿಧಾನಕ್ಕೆ ಓದಿ,

"ಏನೇ ಇದು ಪುಟ್ಟಿ, ಆದೇಶ ಅಂತೈತೆ, ಕೋರ್ಟಿಂದ ಬಂದಿರೋದಾ? ಜಮೀನಿಂದೇನಾದ್ರೂನಾ?"

"ಅಲ್ಲಮ್ಮ, ನೀನು ಏನೋ ಸಾಮಾನು ತರಿಸಿದೀಯ ಅನ್ಕೋ."

"ಹಂಗಂದ್ರೆ ನೀವು ತರಿಸಿದ್ದು ಬತ್ತಾ ಐತೆ ಅಂತ ಬರೀಬಾರ್ದಾ? ಸುಮ್ಕೆ ಎದೆ ಒಡ್ಕಂಡಂಗಾಯ್ತು."

ಅಮ್ಮ ಹೇಳಿದ್ದನ್ನೇ ಬರ್ಕೊಂಡೆ. ಆ ಹಳೇ ಮೊದಲ ಸಾಲೊಂದೇ 56 ಕ್ಯಾರೆಕ್ಟರ್ ತಿಂತಿತ್ತು, ಅಷ್ಟು ತಿಂದೂ ನಮ್ಮಮ್ಮಂಗೆ ಭಯ ಬಿಟ್ರೆ ಬೇರೇನೂ ಕೊಟ್ಟಿರ್ಲಿಲ್ಲ. ಯಾರೋ ಇಂಗ್ಲಿಷ್ ಪದ ಒಂದೊಂದಕ್ಕೂ ಡಿಕ್ಷನರಿಲಿ ಕನ್ನಡ ಹುಡುಕಿ ಜೋಡಿಸಿದ್ದು, ಕನ್ನಡದವ್ರು ಅದನ್ನ ಬಾಯಲ್ಲಿ ಹೇಳಿ ನೋಡೇ ಇಲ್ಲ. ಇನ್ನೊಂದು ತೊಂದರೆ ಏನಂದ್ರೆ ಹೇಳಬೇಕಾದ ನಂಬರು ನಾಲ್ಕನೇ ತುಂಡಿನ ಕೊನೇಲಿತ್ತು, ಒಂದು ತುಂಡು ತಡ ಆದ್ರೂ ಪಾರ್ಸೆಲ್ ತಂದವರು ಬಾಗಿಲಲ್ಲಿ ನಿಂತಿರ್ತಾರೆ, ಇವರು ಫೋನ್ ನೋಡ್ತಾ ಒಳಗೆ ನಿಂತಿರ್ತಾರೆ. ಹಾಗಾಗಿ ನಂಬರನ್ನ ಮೊದಲಿಗೆ ತಂದೆ. ಐದಾರು ಸಲ ಬರೆದು ಅಳಿಸಿ ಕೊನೆಗೆ ನಿಂತಿದ್ದು ಇದು:

"ತಂದವರಿಗೆ ಹೇಳಬೇಕಾದ ನಂಬರ್ 4821. ನೀವು ತರಿಸಿದ ಸ್ಟೀಲ್ ಕುಕ್ಕರ್ ಇವತ್ತು ಬರುತ್ತೆ."

ಕೊನೇಲಿ ಕಂಪ್ನಿ ಹೆಸರು, ಅಷ್ಟೇ. ಎಷ್ಟೇ ಉದ್ದದ ಸಾಮಾನಿನ ಹೆಸರು ಬಂದ್ರೂ ಎರಡು ತುಂಡು ದಾಟಲ್ಲ. ಖರ್ಚು ಅರ್ಧಕ್ಕೆ ಇಳೀತು. "ಬರುತ್ತೆ" ಅನ್ನೋದು ಕಂಪ್ನಿ ಮರ್ಯಾದೆಗೆ ತಕ್ಕ ಕನ್ನಡ ಅಲ್ಲ, "ಬರಲಿದೆ" ಅಂತ ಇರಬೇಕು ಅಂತ ಭಾಷಾಂತರ ಮಾಡಿಕೊಡೋ ಕಡೆಯಿಂದ ಒಂದು ಆಕ್ಷೇಪಣೆ ಬಂತು. ಬರಲಿದೆ ತಪ್ಪಲ್ಲ, ಆದ್ರೆ ಬಾಗಿಲಿಗೆ ಬಂದವರು ಯಾರೂ ಬರಲಿದೆ ಅನ್ನಲ್ಲ, ಬರುತ್ತೆ ಅಂತಾರೆ, ಧಾರವಾಡದ ಕಡೆ ಬರ್ತದ ಅಂದ್ರೂ ಬರುತ್ತೆ ಅಂತ ಓದಿದ್ರೆ ಅರ್ಥ ಆಗುತ್ತೆ. ನಾನು ಇದನ್ನ ಬಿಟ್ಟುಕೊಡ್ಲಿಲ್ಲ. ಈಗ್ಲೂ ನನಗೆ ಅದೇ ಸರಿ ಅನ್ಸುತ್ತೆ.

ಹೊಸ ಒಕ್ಕಣೆ ಮತ್ತೆ ರಿಜಿಸ್ಟರ್ ಆಗ್ಬೇಕಿತ್ತು, ಒಂದಕ್ಷರ ಬದಲಾದ್ರೂ ಮೆಸೇಜ್ ದಾರೀಲೇ ನಿಂತೋಗುತ್ತೆ. ಅಪ್ರೂವಲ್ ಬಂದಾಗ ನನ್ನ ಇಂಟರ್ನ್‌ಶಿಪ್ ಮುಗಿಯೋಕೆ ನಾಲ್ಕು ದಿನ ಬಾಕಿ. ಮೊದಲ ಟೆಸ್ಟ್ ಮೆಸೇಜನ್ನ ಮೆಂಟರ್ ಒಪ್ಪಿಗೆ ತಗೊಂಡು ಅಮ್ಮನ ನಂಬರಿಗೇ ಕಳ್ಸಿದೆ, ಅವರದ್ದು ಇನ್ನೂ ಬಟನ್ ಫೋನು. ಕಾಲ್ ಮಾಡಿ ಸ್ಪೀಕರ್‌ಗೆ ಹಾಕಿ ಕಾಯ್ತಾ ಇದ್ವಿ. ಅಮ್ಮ ಮೆಸೇಜ್ ಓದ್ಬಿಟ್ಟಿದ್ರು ಆಗ್ಲೇ. "ನಾಕು ಎಂಟು ಎಲ್ಡು ಒಂದು ಅಂತ ಹೇಳ್ಬೇಕಂತೆ. ಅಲ್ಲ ಪುಟ್ಟಿ, ನಾನೆಲ್ಲಿ ಕುಕ್ಕರ್ ತರಿಸಿದೀನಿ, ನೀನು ಕಳಿಸ್ತಾ ಇದೀಯಾ?" ಅಂದ್ರು. ಮೆಂಟರ್‌ಗೆ ಕನ್ನಡ ಬರಲ್ಲ, ಆದ್ರೆ ಕುಕ್ಕರ್ ಅನ್ನೋ ಪದ ಪೂರ್ತಿ ಕೇಳಿಸ್ತಲ್ಲ, ನನ್ನ ಭುಜ ಹಿಡ್ಕೊಂಡ್ರು. ಸ್ಟೈಪೆಂಡಲ್ಲಿ ಅದೇ ಕುಕ್ಕರ್ ತಗೊಂಡು ಊರಿಗೆ ಹೋದೆ ಅನ್ನೋದು ಬೇರೆ ವಿಷ್ಯ.

ಕೊನೇ ದಿನ ಎಲ್ಲಾ ಬರೆದಿಟ್ಟು ಬಂದೆ, ಎಲ್ಲಿ ಕತ್ತರಿಸಬಾರದು, ಹೇಗೆ ಎಣಿಸಬೇಕು, ಒಕ್ಕಣೆನ ಮನೇಲಿ ಓದಿಸದೆ ಕಳಿಸಬೇಡಿ ಅಂತ. ತೆಲುಗು, ತಮಿಳು, ಬಂಗಾಳಿ ಎಲ್ಲಾ ಇನ್ನೂ ಬಾಕಿ ಇದೆ, ತೆಲುಗಿಗೆ ಕರ್ನೂಲಿನ ಒಬ್ಬ ಹುಡುಗ ಆಗ್ಲೇ ಹಾಳೆ ತಗೊಂಡು ಎಣಿಸೋಕೆ ಕೂತಿದ್ದ. ಆಮೇಲೆ ಆ ಹಳೇ ಟಿಕೆಟನ್ನ ಮತ್ತೆ ತೆರೆಸಿ, ಅದರ ಕೆಳಗೆ ಕನ್ನಡದಲ್ಲೇ ಉತ್ತರ ಬರೆದೆ: ನೀವು ಹೇಳಿದ್ದು ಸರಿ, ಅದು ಕುಕ್ಕರೇ, ನಮ್ಮ ಕಡೆಯಿಂದ ತಪ್ಪಾಗಿತ್ತು, ಈಗ ಸರಿ ಮಾಡಿದ್ದೀವಿ.